ಕಂಡರೂ ಪ್ರಮಾಣಿಸಿ ನೋಡಿದ ವೈದ್ಯ – ರಾಬರ್ಟ್ ಕಾಕ್

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದ ಗಾದೆ. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ ನಮ್ಮ ಮಕ್ಕಳು ಮುಂಗುಸಿಯ ಕಥೆಯನ್ನೇ ಬರೆಯುತ್ತಾರೆ. ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯ ಬಾಯಲ್ಲಿ ರಕ್ತವನ್ನು ಕಂಡು, ಆತುರಪಟ್ಟು ಅದನ್ನೇ ಕೊಂದ ತಾಯಿಯ ಕಥೆ ಯಾರಿಗೆ ಗೊತ್ತಿಲ್ಲ! ಆದರೆ ಇದೇ ಗಾದೆಗೆ ವಿಜ್ಞಾನದ ಇತಿಹಾಸದಲ್ಲಿಯೂ ಒಂದು ಒಳ್ಳೆಯ ಉದಾಹರಣೆಯಿದೆ. ಕಾಲರಾ ರೋಗಿಗಳ ಕರುಳಿನಲ್ಲಿ ರೋಗಾಣುವನ್ನು ಕಣ್ಣಾರೆ ಕಂಡ ಮೇಲೂ ಇದೇ ಕಾರಣವೆಂದು ಹೇಳಲು ಒಪ್ಪದೆ, ಅದನ್ನು ಪ್ರಮಾಣಿಸಲು ಸಮುದ್ರ ದಾಟಿ ಭಾರತಕ್ಕೆ ಬಂದ ಜರ್ಮನ್ ವೈದ್ಯರೊಬ್ಬರ ಉದಾಹರಣೆ ಅದು. ಅವರೇ ರಾಬರ್ಟ್ ಕಾಕ್. ವಿಜ್ಞಾನದ ಪಾಠದಲ್ಲಿ ಕ್ಷಯರೋಗದ ರೋಗಾಣುವನ್ನು ಕಂಡುಹಿಡಿದವರೆಂದು ಇವರ ಹೆಸರನ್ನು ಮಕ್ಕಳು ಓದಿರುತ್ತಾರೆ. ಹೊಟ್ಟೆಯ ಕಾಯಿಲೆಗಳ ಕಾರಣವನ್ನು ಪತ್ತೆಹಚ್ಚುವ ದಾರಿಯನ್ನು ತೋರಿಸಿಕೊಟ್ಟವರಲ್ಲಿಯೂ ಇವರು ಪ್ರಮುಖರು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಬರ್ಟ್ ಕಾಕ್ ಅವರು 1843ರ ಡಿಸೆಂಬರ್ 11ರಂದು ಜರ್ಮನಿಯ ಹಾರ್ಜ್ ಪರ್ವತ ಪ್ರದೇಶದಲ್ಲಿರುವ ಕ್ಲೌಸ್ಟಾಲ್ ಎಂಬ ಪಟ್ಟಣದಲ್ಲಿ ಜನಿಸಿದರು. ಅದು ಗಣಿಗಾರಿಕೆಯ ಊರು. ತಂದೆ ಗಣಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಮನೆಯಲ್ಲಿ ಹುಟ್ಟಿದ ಹದಿಮೂರು ಮಕ್ಕಳಲ್ಲಿ ರಾಬರ್ಟ್ ಮೂರನೆಯವರು. ಐದು ವರ್ಷದ ಬಾಲಕನಾಗಿದ್ದಾಗಲೇ ಮನೆಗೆ ಬರುತ್ತಿದ್ದ ವೃತ್ತಪತ್ರಿಕೆಗಳನ್ನು ಹಿಡಿದುಕೊಂಡು ತಾನೇ ಓದಲು ಕಲಿತು ಮನೆಯವರನ್ನು ಬೆರಗುಗೊಳಿಸಿದನೆಂದು ಹೇಳುತ್ತಾರೆ.

1862ರಲ್ಲಿ ಅವರು ಗಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಯಾಕೋಬ್ ಹೆನ್ಲೆ ಎಂಬ ಪ್ರಾಧ್ಯಾಪಕರಿದ್ದರು. ಅಂಟುಜಾಡ್ಯಗಳಿಗೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣವಿರಬೇಕೆಂದು ಹೆನ್ಲೆ ಅವರು 1840ರಲ್ಲಿಯೇ ಬರೆದಿದ್ದರು. ಆಗಿನ ಕಾಲದ ಹೆಚ್ಚಿನ ವೈದ್ಯರು ಇದನ್ನು ಒಪ್ಪುತ್ತಿರಲಿಲ್ಲ. ಕೊಳೆತ ವಸ್ತುಗಳಿಂದ ಮೇಲೇಳುವ ಕೆಟ್ಟ ಗಾಳಿಯೇ ರೋಗಗಳನ್ನು ತರುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಇಂತಹ ಗುರುಗಳ ಶಿಷ್ಯರಾದ ಕಾಕ್ 1866ರಲ್ಲಿ ವೈದ್ಯ ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು. ಅದೇ ವರ್ಷ ಹ್ಯಾಂಬರ್ಗ್ ನಗರದ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿ ಕೆಲಸಕ್ಕೆ ಸೇರಿದಾಗ ಅವರು ಎದುರಿಸಬೇಕಾಗಿ ಬಂದದ್ದು ಕಾಲರಾ ಪಿಡುಗನ್ನು. ಇಪ್ಪತ್ತಾರು ವರ್ಷಗಳ ನಂತರ ಇದೇ ನಗರಕ್ಕೆ ಇದೇ ರೋಗದ ಕಾರಣದಿಂದ ಅವರು ಮತ್ತೆ ಬರಬೇಕಾಯಿತು.

ಹಳ್ಳಿಯ ವೈದ್ಯರ ಪ್ರಯೋಗಶಾಲೆ

1867ರಲ್ಲಿ ಎಮ್ಮಿ ಎಂಬುವರೊಡನೆ ಕಾಕ್ ಅವರ ವಿವಾಹವಾಯಿತು. ಕೆಲವು ವರ್ಷ ಊರಿಂದೂರಿಗೆ ಅಲೆದು, 1870ರ ಯುದ್ಧದಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಿ, 1872ರಲ್ಲಿ ಅವರು ವೋಲ್‌ಸ್ಟೈನ್ ಎಂಬ ಸಣ್ಣ ಊರಿನ ಜಿಲ್ಲಾ ವೈದ್ಯಾಧಿಕಾರಿಯಾದರು. ಈಗ ಆ ಊರು ಪೋಲೆಂಡ್ ದೇಶದಲ್ಲಿದೆ. ಹಗಲೆಲ್ಲ ರೋಗಿಗಳನ್ನು ನೋಡಿ, ಕುದುರೆ ಗಾಡಿಯಲ್ಲಿ ಹಳ್ಳಿಗಳನ್ನು ಸುತ್ತಿ ಬಂದ ಮೇಲೆ ಉಳಿದ ಸಮಯದಲ್ಲಿ ಅವರು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ಆ ಸೂಕ್ಷ್ಮದರ್ಶಕ ಪತ್ನಿ ಕೊಟ್ಟ ಹುಟ್ಟುಹಬ್ಬದ ಉಡುಗೊರೆಯಾಗಿತ್ತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ರೋಗಿಗಳನ್ನು ನೋಡುವ ಕೋಣೆಯ ಒಂದು ಭಾಗವನ್ನು ಪರದೆಯಿಂದ ಮರೆ ಮಾಡಿ ಅದನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದರು. ವಿಶ್ವವಿದ್ಯಾಲಯದ ನೆರವಾಗಲಿ, ದೊಡ್ಡ ಗ್ರಂಥಾಲಯವಾಗಲಿ ಅವರಿಗಿರಲಿಲ್ಲ.

ಆ ಸೀಮೆಯ ದನಕುರಿಗಳಿಗೆ ಆಗಾಗ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಬರುತ್ತಿತ್ತು. ಸತ್ತ ಪ್ರಾಣಿಗಳ ರಕ್ತದಲ್ಲಿ ಕಡ್ಡಿಯಂತಹ ಸೂಕ್ಷ್ಮಾಣುಗಳಿರುವುದನ್ನು ಬೇರೆಯವರೂ ಕಂಡಿದ್ದರು. ಆದರೆ ಅವು ರೋಗಕ್ಕೆ ಕಾರಣವೋ ಅಥವಾ ರೋಗ ಬಂದ ಮೇಲೆ ಸೇರಿಕೊಂಡವೋ ಎಂಬುದನ್ನು ಯಾರೂ ಖಚಿತಪಡಿಸಿರಲಿಲ್ಲ. ಕಾಕ್ ಅವರು ಮರದ ಚೂರುಗಳಿಗೆ ರೋಗದ ರಕ್ತವನ್ನು ಸವರಿ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ಎತ್ತಿನ ಕಣ್ಣಿನ ದ್ರವದಲ್ಲಿ ಆ ಸೂಕ್ಷ್ಮಾಣುಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದರು. ಹೀಗೆ ಬೆಳೆಸಿದವುಗಳೂ ಇಲಿಗಳಲ್ಲಿ ಅದೇ ರೋಗವನ್ನು ಉಂಟುಮಾಡಿದವು. ಪ್ರತಿಕೂಲ ಸ್ಥಿತಿಯಲ್ಲಿ ಅವು ಬೀಜಕಗಳಾಗಿ ಬಹುಕಾಲ ಬದುಕಿರುವುದನ್ನೂ ತೋರಿಸಿದರು. 1876ರಲ್ಲಿ ಬ್ರೆಸ್ಲೌ ನಗರದ ಪ್ರಸಿದ್ಧ ವಿಜ್ಞಾನಿ ಫರ್ಡಿನಾಂಡ್ ಕೋನ್ ಅವರ ಮುಂದೆ ಈ ಪ್ರಯೋಗಗಳನ್ನೆಲ್ಲ ಮಾಡಿ ತೋರಿಸಿದರು. ಅಜ್ಞಾತ ಹಳ್ಳಿಯ ವೈದ್ಯರ ಹೆಸರು ಅಂದಿನಿಂದ ವಿದ್ವಾಂಸರ ಬಾಯಲ್ಲಿ ಓಡಾಡತೊಡಗಿತು. 1880ರಲ್ಲಿ ಸರ್ಕಾರವೇ ಅವರನ್ನು ಬರ್ಲಿನ್‌ನ ಆರೋಗ್ಯ ಸಂಸ್ಥೆಗೆ ಕರೆಸಿಕೊಂಡಿತು.

ಆಲೂಗಡ್ಡೆಯ ಹೋಳಿನಿಂದ ಅಗರ್‌ವರೆಗೆ

ಇಲ್ಲಿ ನಾವು ಒಂದು ಕಷ್ಟವನ್ನು ಅರ್ಥಮಾಡಿಕೊಳ್ಳಬೇಕು. ನಮ್ಮ ಕರುಳಿನಲ್ಲಿ ಆರೋಗ್ಯವಾಗಿದ್ದಾಗಲೂ ಕೋಟ್ಯಂತರ ಸೂಕ್ಷ್ಮಾಣುಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು, ಕೆಲವು ಉಪಕಾರಿಗಳೂ ಹೌದು. ಭೇದಿಯಾದಾಗ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಾತ್ರೆಯ ಜನಜಂಗುಳಿಯಂತೆ ನೂರಾರು ಬಗೆಯವು ಕಾಣುತ್ತವೆ. ಆ ಜನಜಂಗುಳಿಯಲ್ಲಿ ಕಳ್ಳನು ಯಾರೆಂದು ಹೇಳುವುದು ಹೇಗೆ? ದ್ರವದಲ್ಲಿ ಬೆಳೆಸಿದರೆ ಎಲ್ಲವೂ ಬೆರೆತುಹೋಗುತ್ತವೆ. ಒಂದೊಂದನ್ನೂ ಬೇರೆ ಬೇರೆಯಾಗಿ ಬೆಳೆಸಿದರೆ ಮಾತ್ರ ಅದರ ಗುಣ ತಿಳಿಯಲು ಸಾಧ್ಯ.

ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಗಳು ಬೆಳೆಯುವುದನ್ನು ಕಾಕ್ ಗಮನಿಸಿದರು. ಒಂದೊಂದು ಚುಕ್ಕೆಯಲ್ಲಿಯೂ ಒಂದೇ ಜಾತಿಯ ಸೂಕ್ಷ್ಮಾಣುಗಳಿದ್ದವು. ಗಟ್ಟಿ ನೆಲದ ಮೇಲೆ ಬಿದ್ದ ಬೀಜ ಬಿದ್ದಲ್ಲಿಯೇ ಮೊಳೆಯುವಂತೆ, ಗಟ್ಟಿ ಮೇಲ್ಮೈಯಲ್ಲಿ ಒಂದು ಸೂಕ್ಷ್ಮಾಣು ಇದ್ದಲ್ಲಿಯೇ ಹೆಚ್ಚುತ್ತದೆ. ಇದರಿಂದ ಅವರು ಮಾಂಸದ ಸಾರಿಗೆ ಜೆಲಟಿನ್ ಬೆರೆಸಿ ಗಾಜಿನ ಫಲಕದ ಮೇಲೆ ಹರಡುವ ವಿಧಾನವನ್ನು ರೂಪಿಸಿದರು. 1881ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದ ಸಮಯದಲ್ಲಿ ಇದನ್ನು ಪ್ರದರ್ಶಿಸಿದಾಗ ನೋಡಿದವರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅವರೂ ಇದ್ದರು.

ಆದರೆ ಜೆಲಟಿನ್ ಮನುಷ್ಯನ ದೇಹದ ಬಿಸಿಗೆ ಕರಗಿಬಿಡುತ್ತದೆ. ಕೆಲವು ಸೂಕ್ಷ್ಮಾಣುಗಳು ಅದನ್ನು ತಿಂದು ನೀರಾಗಿಸುತ್ತವೆ. ಇದಕ್ಕೆ ಪರಿಹಾರ ದೊರೆತದ್ದು ಅಡುಗೆ ಮನೆಯಿಂದ. ಕಾಕ್ ಅವರ ಸಹೋದ್ಯೋಗಿ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ಜೆಲ್ಲಿ ಮಾಡಲು ಅಗರ್ ಎಂಬ ಕಡಲಪಾಚಿಯ ಸತ್ವವನ್ನು ಬಳಸುತ್ತಿದ್ದರು. ಬೇಸಿಗೆಯಲ್ಲಿಯೂ ಅದು ಕರಗುತ್ತಿರಲಿಲ್ಲ. ಅದನ್ನೇ ಏಕೆ ಬಳಸಬಾರದೆಂದು ಅವರು ಸೂಚಿಸಿದರು. ನಮ್ಮ ಮನೆಗಳಲ್ಲಿ ಚೈನಾ ಗ್ರಾಸ್ ಎಂದು ಕರೆದು ಹಾಲಿನ ಸಿಹಿತಿಂಡಿ ಮಾಡಲು ಬಳಸುತ್ತೇವಲ್ಲ, ಅದೇ ಈ ಅಗರ್! 1887ರಲ್ಲಿ ಕಾಕ್ ಅವರ ಇನ್ನೊಬ್ಬ ಸಹಾಯಕ ಪೆಟ್ರಿ ಅವರು ಮುಚ್ಚಳವಿರುವ ಗಾಜಿನ ತಟ್ಟೆಯನ್ನು ರೂಪಿಸಿದರು. ಅಗರ್ ತುಂಬಿದ ಪೆಟ್ರಿ ತಟ್ಟೆ ಇಂದಿಗೂ ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿದೆ. 1882ರ ಮಾರ್ಚ್ 24ರಂದು ಕಾಕ್ ಅವರು ಕ್ಷಯರೋಗಾಣುವಿನ ಸಂಶೋಧನೆಯನ್ನು ಪ್ರಕಟಿಸಿದರು. ಆ ದಿನವನ್ನು ಇಂದು ವಿಶ್ವ ಕ್ಷಯರೋಗ ದಿನವೆಂದು ಆಚರಿಸಲಾಗುತ್ತದೆ.

ಕಾಲರಾ ಎಂಬ ಮಹಾಮಾರಿ

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲರಾ ಎಂದರೆ ಜನರು ನಡುಗುತ್ತಿದ್ದರು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಅಕ್ಕಿ ತೊಳೆದ ನೀರಿನಂತಹ ಭೇದಿಯಾಗಿ, ಕಣ್ಣು ಗುಳಿಬಿದ್ದು, ಸಂಜೆಯೊಳಗೆ ತೀರಿಕೊಳ್ಳಬಹುದಾಗಿತ್ತು. ಗಂಗಾ ನದಿಯ ಮುಖಜಭೂಮಿಯಿಂದ ಹೊರಟ ಈ ರೋಗ ಹಡಗುಗಳ ಜೊತೆಗೆ ಭೂಮಿಯನ್ನೇ ಸುತ್ತುತ್ತಿತ್ತು. ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯರು 1854ರಲ್ಲಿ ಒಂದು ಬೀದಿಯ ಪಂಪಿನ ನೀರಿಗೂ ಕಾಲರಾಕ್ಕೂ ಇರುವ ಸಂಬಂಧವನ್ನು ತೋರಿಸಿದ್ದರು. ಅದೇ ವರ್ಷ ಇಟಲಿಯ ಫಿಲಿಪ್ಪೋ ಪಾಚಿನಿ ಎಂಬುವರು ಸತ್ತವರ ಕರುಳಿನಲ್ಲಿ ಬಾಗಿದ ಸೂಕ್ಷ್ಮಾಣುಗಳನ್ನು ಕಂಡು ಬರೆದಿದ್ದರು. ಆದರೆ ಅವರ ಮಾತಿಗೆ ಬೆಲೆ ಸಿಗಲಿಲ್ಲ.

1883ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಹಬ್ಬಿ 50,000ಕ್ಕೂ ಹೆಚ್ಚು ಜನರು ಸತ್ತರು. ಫ್ರಾನ್ಸ್ ಮತ್ತು ಜರ್ಮನಿ ಎರಡೂ ವಿಜ್ಞಾನಿಗಳ ತಂಡಗಳನ್ನು ಕಳುಹಿಸಿದವು. ಜರ್ಮನ್ ತಂಡಕ್ಕೆ ಕಾಕ್ ಅವರೇ ಮುಖ್ಯಸ್ಥರು. ಆಗಸ್ಟ್ ತಿಂಗಳಲ್ಲಿ ಅವರು ಅಲೆಕ್ಸಾಂಡ್ರಿಯಾ ತಲುಪಿದರು. ಎರಡು ದೇಶಗಳ ನಡುವೆ ಯುದ್ಧ ಮುಗಿದು ಹೆಚ್ಚು ವರ್ಷಗಳಾಗಿರಲಿಲ್ಲ. ತಂಡಗಳ ನಡುವೆ ಪೈಪೋಟಿಯೂ ಇತ್ತು. ಆದರೆ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ತಂಡದ ಲೂಯಿ ತುಯ್ಲಿಯೆ ಎಂಬ ಇನ್ನೂ ಮೂವತ್ತು ತುಂಬದ ವಿಜ್ಞಾನಿ ಕಾಲರಾಕ್ಕೆ ಬಲಿಯಾದಾಗ ಕಾಕ್ ಮತ್ತು ಅವರ ಸಂಗಡಿಗರು ಅಂತ್ಯಕ್ರಿಯೆಗೆ ಹೋಗಿ ಶವಪೆಟ್ಟಿಗೆಗೆ ಹೂಮಾಲೆ ಅರ್ಪಿಸಿದರು.

ಕಾಲರಾದಿಂದ ಸತ್ತವರ ಕರುಳಿನ ಭಿತ್ತಿಯಲ್ಲಿ ಕಾಕ್ ಅವರಿಗೆ ಒಂದು ವಿಶಿಷ್ಟ ಸೂಕ್ಷ್ಮಾಣು ಮತ್ತೆ ಮತ್ತೆ ಕಾಣಿಸಿತು. ಬೇರೆಯವರಾಗಿದ್ದರೆ ಅಂದೇ ತಂತಿ ಕಳುಹಿಸಿ ಗೆದ್ದೆವೆಂದು ಸಾರಿಬಿಡುತ್ತಿದ್ದರು. ಕಾಕ್ ಹಾಗೆ ಮಾಡಲಿಲ್ಲ. ಅದನ್ನು ಬೇರ್ಪಡಿಸಿ ಬೆಳೆಸುವುದು ಇನ್ನೂ ಸಾಧ್ಯವಾಗಿರಲಿಲ್ಲ, ಪ್ರಾಣಿಗಳಿಗೆ ರೋಗ ಬಂದಿರಲಿಲ್ಲ. ಅಷ್ಟರಲ್ಲಿ ಈಜಿಪ್ಟಿನಲ್ಲಿ ರೋಗವೂ ಇಳಿಮುಖವಾಯಿತು. ತಾವು ಕಂಡದ್ದು ರೋಗಕ್ಕೆ ಸಂಬಂಧಿಸಿದ್ದೇ ಇರಬೇಕು, ಆದರೆ ಕಾರಣವೆಂದು ಇನ್ನೂ ಹೇಳಲಾಗದು ಎಂದು ವರದಿ ಬರೆದು, ಕಾಲರಾ ಸದಾ ಇರುವ ಭಾರತಕ್ಕೆ ಹೋಗಲು ಸರ್ಕಾರದ ಅನುಮತಿ ಕೇಳಿದರು. ಇದೇ ಈಜಿಪ್ಟಿನಲ್ಲಿ ಆಮಶಂಕೆಯಿಂದ ಸತ್ತ ಕೆಲವರ ಕರುಳಿನ ಹುಣ್ಣುಗಳಲ್ಲಿ ಅವರು ಅಮೀಬಾಗಳನ್ನೂ ಕಂಡರು. ಕಾಲರಾದವರಲ್ಲಿ ಕಂಡದ್ದು ಒಂದು ಬಗೆ, ಆಮಶಂಕೆಯವರಲ್ಲಿ ಕಂಡದ್ದು ಇನ್ನೊಂದು ಬಗೆ. ಹೊಟ್ಟೆ ಕೆಡುವುದಕ್ಕೆ ಒಂದೇ ಕಾರಣವಿಲ್ಲ ಎಂಬುದು ಅಲ್ಲಿಯೇ ಗೋಚರವಾಗಿತ್ತು.

ಕಲ್ಕತ್ತೆಯ ಕೆರೆಯ ನೀರು

ಸೂಯೆಜ್‌ನಿಂದ ಕೆಂಪು ಸಮುದ್ರವನ್ನು ದಾಟಿ, ಕೊಲಂಬೊ ಮತ್ತು ಮದ್ರಾಸಿನ ಮೂಲಕ ಕಾಕ್ ಅವರ ತಂಡ 1883ರ ಡಿಸೆಂಬರ್ 11ರಂದು ಕಲ್ಕತ್ತೆ ತಲುಪಿತು. ಅಂದು ಅವರಿಗೆ ನಲವತ್ತು ವರ್ಷ ತುಂಬಿದ ದಿನ. ಅಲ್ಲಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಮಾಡಲು ಸ್ಥಳ ದೊರೆಯಿತು. ಕಾಲರಾ ರೋಗಿಗಳ ಮಲದಲ್ಲಿಯೂ, ಸತ್ತವರ ಕರುಳಿನಲ್ಲಿಯೂ ಈಜಿಪ್ಟಿನಲ್ಲಿ ಕಂಡ ಅದೇ ಸೂಕ್ಷ್ಮಾಣು ಇತ್ತು. 1884ರ ಜನವರಿ 7ರಂದು ಅದನ್ನು ಶುದ್ಧವಾಗಿ ಬೆಳೆಸಿರುವುದಾಗಿ ಕಾಕ್ ವರದಿ ಕಳುಹಿಸಿದರು.

ಫೆಬ್ರವರಿ 2ರ ವರದಿಯಲ್ಲಿ ಅದರ ಲಕ್ಷಣಗಳನ್ನು ವಿವರಿಸಿದರು. ಅದು ನೆಟ್ಟಗಿನ ಕಡ್ಡಿಯಲ್ಲ, ಬರವಣಿಗೆಯ ಅಲ್ಪವಿರಾಮದಂತೆ ಸ್ವಲ್ಪ ಬಾಗಿದೆ, ಚುರುಕಾಗಿ ಚಲಿಸುತ್ತದೆ. ಜೆಲಟಿನ್ ಫಲಕದಲ್ಲಿ ಅದರ ಬೆಳವಣಿಗೆಗೆ ತನ್ನದೇ ಆದ ರೂಪವಿದೆ. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಹೆಚ್ಚುತ್ತದೆ, ಒಣಗಿದರೆ ಸಾಯುತ್ತದೆ. ಭಾಷೆ ಕಲಿಸುವ ನಾವು ಅಲ್ಪವಿರಾಮವನ್ನು ಮರೆಯಬೇಡಿರೆಂದು ಮಕ್ಕಳಿಗೆ ದಿನವೂ ಹೇಳುತ್ತೇವೆ. ಲಕ್ಷಾಂತರ ಜೀವಗಳಿಗೆ ಪೂರ್ಣವಿರಾಮ ಹಾಕಿದ್ದು ಇಂತಹದೊಂದು ಅಲ್ಪವಿರಾಮ!

ಕಾಕ್ ಅವರು ಇಲ್ಲಿಗೂ ನಿಲ್ಲಲಿಲ್ಲ. ಸಾಮಾನ್ಯ ಭೇದಿ, ಆಮಶಂಕೆ ಮುಂತಾದ ಬೇರೆ ಕಾಯಿಲೆಗಳವರಲ್ಲಿ ಈ ಸೂಕ್ಷ್ಮಾಣು ಇದೆಯೇ ಎಂದು ಹುಡುಕಿದರು. ಇರಲಿಲ್ಲ. ಇದು ಬಹಳ ಮುಖ್ಯವಾದ ಹೆಜ್ಜೆ. ರೋಗಿಗಳಲ್ಲಿ ಇದೆ ಎಂದು ತೋರಿಸಿದರೆ ಅರ್ಧ ಉತ್ತರ ಮಾತ್ರ, ಆ ರೋಗವಿಲ್ಲದವರಲ್ಲಿ ಇಲ್ಲವೆಂದು ತೋರಿಸಿದಾಗಲೇ ಉತ್ತರ ಪೂರ್ಣವಾಗುತ್ತದೆ. ಕಲ್ಕತ್ತೆಯ ಹೊರವಲಯದ ಬೆಲಿಯಾಘಾಟದ ಬಳಿ ಒಂದು ಕೆರೆಯ ದಡದಲ್ಲಿ ಜನರಿಗೆ ಕಾಲರಾ ತಗುಲಿತ್ತು. ಆ ಕೆರೆಯಲ್ಲಿಯೇ ಸ್ನಾನ, ಅಲ್ಲಿಯೇ ಬಟ್ಟೆ ಒಗೆಯುವುದು, ಅದೇ ನೀರನ್ನು ಕುಡಿಯುವುದು. ಮೊದಲು ಸತ್ತವರ ಬಟ್ಟೆಯನ್ನೂ ಅಲ್ಲಿಯೇ ಒಗೆದಿದ್ದರು. ಆ ಕೆರೆಯ ನೀರಿನಲ್ಲಿ ಕಾಕ್ ಅವರಿಗೆ ಅದೇ ಅಲ್ಪವಿರಾಮದ ಸೂಕ್ಷ್ಮಾಣು ಸಿಕ್ಕಿತು.

ಆದರೂ ಒಂದು ಪರೀಕ್ಷೆಯಲ್ಲಿ ಅವರು ಗೆಲ್ಲಲಿಲ್ಲ. ರೋಗಾಣು ಪ್ರತಿಯೊಬ್ಬ ರೋಗಿಯಲ್ಲಿಯೂ ಇರಬೇಕು, ಅದನ್ನು ಹೊರತೆಗೆದು ಶುದ್ಧವಾಗಿ ಬೆಳೆಸಬೇಕು, ಬೆಳೆಸಿದ್ದನ್ನು ಆರೋಗ್ಯವಾಗಿರುವ ಪ್ರಾಣಿಗೆ ಕೊಟ್ಟರೆ ಅದೇ ರೋಗ ಬರಬೇಕು ಎಂಬುದು ಕಾಕ್ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿರುವ ಸೂತ್ರ. ಕಲ್ಕತ್ತೆಯಲ್ಲಿ ಯಾವ ಪ್ರಾಣಿಗೂ ಕಾಲರಾ ಬರಲಿಲ್ಲ. ಈ ಕೊರತೆಯನ್ನು ಅವರು ಮುಚ್ಚಿಡಲಿಲ್ಲ, ವರದಿಯಲ್ಲಿಯೇ ಬರೆದರು. ಬ್ರಿಟಿಷ್ ಸರ್ಕಾರ ಕಳುಹಿಸಿದ ತಂಡವೊಂದು ಇದನ್ನೇ ಹಿಡಿದುಕೊಂಡು ಕಾಕ್ ಅವರ ನಿರ್ಣಯವನ್ನು ಅಲ್ಲಗಳೆಯಿತು. ಜರ್ಮನಿಯಲ್ಲಿ ಮಾತ್ರ ಅವರಿಗೆ ವೀರಯೋಧರಿಗೆ ಸಲ್ಲುವಂತಹ ಸ್ವಾಗತ ದೊರೆಯಿತು. ಸರ್ಕಾರ 1,00,000 ಮಾರ್ಕ್‌ಗಳ ಬಹುಮಾನ ಕೊಟ್ಟು ಗೌರವಿಸಿತು.

ಒಂದು ರಸ್ತೆಯ ಎರಡು ಬದಿ

ಕಾಲರಾಕ್ಕೆ ನೀರಲ್ಲ, ನೆಲ ಮತ್ತು ಹವೆಯ ಸ್ಥಿತಿಯೇ ಮುಖ್ಯವೆಂದು ವಾದಿಸುತ್ತಿದ್ದವರಲ್ಲಿ ಮ್ಯೂನಿಕ್‌ನ ಹಿರಿಯ ವಿಜ್ಞಾನಿ ಮ್ಯಾಕ್ಸ್ ಪೆಟನ್‌ಕೋಫರ್ ಪ್ರಮುಖರು. 1892ರ ಅಕ್ಟೋಬರ್ 7ರಂದು, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವರು ಕಾಲರಾ ರೋಗಾಣುಗಳಿದ್ದ ದ್ರವವನ್ನೇ ಕುಡಿದುಬಿಟ್ಟರು! ಅವರಿಗೆ ಸ್ವಲ್ಪ ಭೇದಿಯಾಯಿತೇ ಹೊರತು ಪ್ರಾಣಾಪಾಯವಾಗಲಿಲ್ಲ. ಅವರು ಅದನ್ನು ತಮ್ಮ ಗೆಲುವೆಂದು ತಿಳಿದರು. ಆದರೆ ಸೋಂಕು ತಗುಲಿದವರೆಲ್ಲರೂ ಸಾಯುವುದಿಲ್ಲ, ಅನೇಕರಿಗೆ ಲಘುವಾಗಿ ಬಂದು ಹೋಗುತ್ತದೆ ಎಂಬುದು ಇಂದು ನಮಗೆ ತಿಳಿದಿದೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿತ್ತು. ಕಾಕ್ ಅವರನ್ನು ಅಲ್ಲಿಗೆ ಕರೆಸಿದರು. ಕೆಲವೇ ವಾರಗಳಲ್ಲಿ ಸುಮಾರು 17,000 ಜನ ರೋಗಕ್ಕೆ ತುತ್ತಾಗಿ 8,600 ಜನ ಸತ್ತರು. ಪಕ್ಕದಲ್ಲಿಯೇ ಅಂಟಿಕೊಂಡಿದ್ದ ಆಲ್ಟೋನಾ ಎಂಬ ಊರು ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳಿಗೆ ಎಲ್ಬೆ ನದಿಯೇ ನೀರಿನ ಮೂಲ. ಹ್ಯಾಂಬರ್ಗ್‌ನವರು ಸೋಸದ ನೀರನ್ನು ಕುಡಿಯುತ್ತಿದ್ದರು. ಆಲ್ಟೋನಾದವರು ಹ್ಯಾಂಬರ್ಗ್‌ನ ಕೊಳಕು ಸೇರಿದ ಮೇಲಿನ ನೀರನ್ನೇ ತೆಗೆದುಕೊಂಡರೂ ಅದನ್ನು ಮರಳಿನ ಹಾಸುಗಳ ಮೂಲಕ ಸೋಸಿ ಬಳಸುತ್ತಿದ್ದರು. ಎರಡು ಊರುಗಳ ಗಡಿಯಾಗಿದ್ದ ರಸ್ತೆಯ ಒಂದು ಬದಿಯ ಮನೆಗಳಲ್ಲಿ ಕಾಲರಾ, ಇನ್ನೊಂದು ಬದಿಯಲ್ಲಿ ಇಲ್ಲ! ನೆಲ ಒಂದೇ, ಗಾಳಿ ಒಂದೇ, ನೀರು ಮಾತ್ರ ಬೇರೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿರಲಿಲ್ಲ.

ಈ ಅನುಭವದಿಂದ 1893ರಲ್ಲಿ ಕಾಕ್ ಅವರು ಕಾಲರಾವನ್ನು ಬೇಗ ಪತ್ತೆಹಚ್ಚುವ ಕ್ರಮವನ್ನು ವಿವರಿಸಿದರು. ಮೊದಲು ಮಲದಲ್ಲಿನ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅನಂತರ ಸ್ವಲ್ಪ ಮಲವನ್ನು ಪೆಪ್ಟೋನ್ ಎಂಬ ಪೋಷಕಾಂಶವಿರುವ ನೀರಿಗೆ ಹಾಕಿ ಬೆಚ್ಚಗಿಡುವುದು. ಕಾಲರಾ ರೋಗಾಣುಗಳಿಗೆ ಗಾಳಿ ಬೇಕು, ಅವು ಬೇಗ ಹೆಚ್ಚುತ್ತವೆ, ಹೀಗಾಗಿ ಕೆಲವೇ ಗಂಟೆಗಳಲ್ಲಿ ನೀರಿನ ಮೇಲ್ಭಾಗಕ್ಕೆ ಬಂದು ಸೇರುತ್ತವೆ. ಅಲ್ಲಿಂದ ಒಂದು ಹನಿಯನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿ ಗುರುತಿಸುವುದು. ಪೆಪ್ಟೋನ್ ನೀರಿನ ಈ ಹಂತವನ್ನು ಇಂದಿಗೂ ಪ್ರಯೋಗಶಾಲೆಗಳು ಬಳಸುತ್ತವೆ.

ಗುರುವಿನ ತಪ್ಪು ಹೆಜ್ಜೆಗಳು

ದೊಡ್ಡವರ ಜೀವನವನ್ನು ಬರೆಯುವಾಗ ಒಳ್ಳೆಯದನ್ನು ಮಾತ್ರ ಬರೆದರೆ ಅದು ಅರ್ಧ ಸತ್ಯ. ಪ್ರಮಾಣಿಸಿ ನೋಡುವ ನಿಯಮವನ್ನು ಜಗತ್ತಿಗೆ ಕಲಿಸಿದ ಕಾಕ್ ಅವರೇ ಅದನ್ನು ಮೀರಿದ ಪ್ರಸಂಗವೂ ಇದೆ. 1890ರಲ್ಲಿ ಅವರು ಕ್ಷಯಕ್ಕೆ ಟ್ಯೂಬರ್‌ಕ್ಯುಲಿನ್ ಎಂಬ ಔಷಧವನ್ನು ಪ್ರಕಟಿಸಿದರು. ಅದು ಏನೆಂಬುದನ್ನು ಮೊದಲು ಗುಟ್ಟಾಗಿಟ್ಟರು. ಸಾಕಷ್ಟು ಪರೀಕ್ಷೆಯೂ ನಡೆದಿರಲಿಲ್ಲ. ಆಸೆಯಿಂದ ರೋಗಿಗಳು ಬರ್ಲಿನ್‌ಗೆ ಮುಗಿಬಿದ್ದರು. ಔಷಧದಿಂದ ರೋಗ ಗುಣವಾಗಲಿಲ್ಲ, ಅನೇಕರ ಸ್ಥಿತಿ ಕೆಟ್ಟಿತು, ಕೆಲವರು ಸತ್ತರು. ಮುಂದೆ ಬೇರೆ ವೈದ್ಯರು ಅದೇ ವಸ್ತುವನ್ನು ಸುಧಾರಿಸಿ ಕ್ಷಯದ ಸೋಂಕನ್ನು ಪತ್ತೆಹಚ್ಚುವ ಚರ್ಮದ ಪರೀಕ್ಷೆಗೆ ಬಳಸಿಕೊಂಡರು. ಮಾಂಟೂ ಪರೀಕ್ಷೆ ಎಂಬ ಹೆಸರು ಅನೇಕ ಪೋಷಕರಿಗೆ ಪರಿಚಿತವಾಗಿರಬಹುದು.

1906 ಮತ್ತು 1907ರಲ್ಲಿ ಪೂರ್ವ ಆಫ್ರಿಕಾದಲ್ಲಿ ನಿದ್ರಾರೋಗದ ವಿರುದ್ಧ ಕೆಲಸ ಮಾಡುವಾಗ ಅವರು ಅಟಾಕ್ಸಿಲ್ ಎಂಬ ಆರ್ಸೆನಿಕ್ ಔಷಧವನ್ನು ಆಫ್ರಿಕನ್ ರೋಗಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ಅದರಿಂದ ಕೆಲವರ ಕಣ್ಣೇ ಹೋಯಿತು. ವಸಾಹತುಗಳ ಬಡ ಜನರ ಮೇಲೆ ಹೀಗೆ ಪ್ರಯೋಗ ಮಾಡಿದ್ದನ್ನು ಇಂದು ಯಾರೂ ಸಮರ್ಥಿಸುವುದಿಲ್ಲ. ಈಜಿಪ್ಟಿನಲ್ಲಿ ಇನ್ನೂ ಗೊತ್ತಿಲ್ಲ ಎಂದು ಹೇಳಿ ನಿಂತ ಅದೇ ವೈದ್ಯರು ಇಲ್ಲಿ ಆತುರಪಟ್ಟರು. ಆ ಆತುರದ ಬೆಲೆಯನ್ನು ರೋಗಿಗಳು ತೆತ್ತರು.

ಆರೋಗ್ಯವಂತರಲ್ಲಿಯೂ ರೋಗಾಣು

ಕಾಕ್ ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್ ವಿರುದ್ಧದ ಹೋರಾಟ. ಈ ರೋಗಾಣುವನ್ನು 1884ರಲ್ಲಿ ಶುದ್ಧವಾಗಿ ಬೆಳೆಸಿದವರು ಅವರ ಸಹಾಯಕ ಗೆಯಾರ್ಗ್ ಗಾಫ್ಕಿ. ಇವರು ಈಜಿಪ್ಟ್ ಮತ್ತು ಕಲ್ಕತ್ತೆಯಲ್ಲಿ ಕಾಕ್ ಅವರ ಜೊತೆಗಿದ್ದವರು. 1902ರಿಂದ ಜರ್ಮನಿಯ ಟ್ರಿಯರ್ ಸುತ್ತಲಿನ ಹಳ್ಳಿಗಳಲ್ಲಿ ಕಾಕ್ ಅವರ ತಂಡ ರೋಗಿಗಳನ್ನು ಮಾತ್ರವಲ್ಲದೆ ಅವರ ಮನೆಯವರನ್ನೂ ನೆರೆಹೊರೆಯವರನ್ನೂ ಪರೀಕ್ಷಿಸಿತು. ಅವರ ಸಂಸ್ಥೆಯಲ್ಲಿ ರೂಪುಗೊಂಡ ಹೊಸ ಅಗರ್ ಇದಕ್ಕೆ ನೆರವಾಯಿತು. ಅದರಲ್ಲಿ ಟೈಫಾಯ್ಡ್ ರೋಗಾಣುಗಳು ನೀಲಿಯಾಗಿಯೂ, ಕರುಳಿನ ಸಾಮಾನ್ಯ ಸೂಕ್ಷ್ಮಾಣುಗಳು ಕೆಂಪಾಗಿಯೂ ಬೆಳೆಯುತ್ತಿದ್ದವು. ಹೀಗೆ ಪರೀಕ್ಷಿಸಿದಾಗ ಯಾವ ಕಾಯಿಲೆಯೂ ಇಲ್ಲದೆ ಓಡಾಡಿಕೊಂಡಿರುವ ಕೆಲವರ ಮಲದಲ್ಲಿಯೂ ರೋಗಾಣು ಇರುವುದು ತಿಳಿಯಿತು. ಇಂತಹವರನ್ನು ರೋಗವಾಹಕರೆಂದು ಕರೆಯುತ್ತಾರೆ. ಅಡುಗೆ ಮಾಡುವವರು, ಬಡಿಸುವವರು ಕೈ ತೊಳೆಯಲೇಬೇಕೆಂದು ಎಲ್ಲೆಡೆ ನಿಯಮವಿರುವುದು ಇದೇ ಕಾರಣಕ್ಕೆ.

1905ರಲ್ಲಿ ಕ್ಷಯರೋಗದ ಸಂಶೋಧನೆಗಾಗಿ ಕಾಕ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1910ರ ಮೇ 27ರಂದು ಬಾಡೆನ್-ಬಾಡೆನ್ ಎಂಬಲ್ಲಿ ಅವರು ನಿಧನರಾದರು. ಆಗ ಅವರಿಗೆ ಅರವತ್ತಾರು ವರ್ಷ. ಅವರ ಚಿತಾಭಸ್ಮವನ್ನು ಬರ್ಲಿನ್‌ನ ಅವರ ಸಂಸ್ಥೆಯಲ್ಲಿಯೇ ಇರಿಸಲಾಗಿದೆ. ಅವರ ಬಳಿ ಕಲಿತಿದ್ದ ಜಪಾನಿನ ಕಿಟಾಸಾಟೋ ಅವರು ತಮ್ಮ ದೇಶದಲ್ಲಿ ಗುರುವಿಗಾಗಿ ಒಂದು ಪುಟ್ಟ ಗುಡಿಯನ್ನೇ ಕಟ್ಟಿಸಿದರು. ಕಿಟಾಸಾಟೋ ಅವರ ಶಿಷ್ಯ ಶಿಗಾ ಅವರು ರಕ್ತಭೇದಿಯ ರೋಗಾಣುವನ್ನು 1897ರಲ್ಲಿ ಕಂಡುಹಿಡಿದರು. ಗುರುವಿನ ವಿಧಾನ ಶಿಷ್ಯರ ಶಿಷ್ಯರಿಗೂ ದಾರಿದೀಪವಾಯಿತು.

ಉಳಿದ ಉತ್ತರ ಕಲ್ಕತ್ತೆಯಿಂದಲೇ

ಪ್ರಾಣಿಗಳಿಗೆ ಕಾಲರಾ ಬರಲಿಲ್ಲವೇಕೆ ಎಂಬ ಪ್ರಶ್ನೆ ಕಾಕ್ ಅವರ ನಂತರವೂ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟವರು ಭಾರತೀಯ ವಿಜ್ಞಾನಿ ಶಂಭುನಾಥ ಡೇ. 1915ರಲ್ಲಿ ಬಂಗಾಳದಲ್ಲಿ ಜನಿಸಿದ ಇವರು ಮೊಲದ ಕರುಳಿನ ಒಂದು ಭಾಗವನ್ನು ಎರಡೂ ಕಡೆ ಕಟ್ಟಿ ಅದರೊಳಗೆ ಕಾಲರಾ ರೋಗಾಣುಗಳನ್ನು ಸೇರಿಸಿದರು. ಆ ಭಾಗ ನೀರಿನಿಂದ ಉಬ್ಬಿಕೊಂಡಿತು. 1959ರಲ್ಲಿ ರೋಗಾಣುಗಳನ್ನು ಸೋಸಿ ತೆಗೆದ ದ್ರವವೊಂದೇ ಹೀಗೆ ಮಾಡಬಲ್ಲದೆಂದು ತೋರಿಸಿದರು. ಅಂದರೆ ರೋಗಾಣು ಕರುಳಿನೊಳಗೆ ಒಂದು ವಿಷವನ್ನು ಬಿಡುತ್ತದೆ, ಆ ವಿಷ ದೇಹದ ನೀರನ್ನೆಲ್ಲ ಕರುಳಿಗೆ ಎಳೆದು ಹೊರಹಾಕುತ್ತದೆ. ಡೇ ಅವರು ಆಗ ಕೆಲಸ ಮಾಡುತ್ತಿದ್ದದ್ದು ಎಪ್ಪತ್ತೈದು ವರ್ಷಗಳ ಹಿಂದೆ ಕಾಕ್ ಅವರು ಕೆಲಸ ಮಾಡಿದ್ದ ಅದೇ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ! ಕಳೆದುಹೋಗುವುದು ನೀರು ಮತ್ತು ಲವಣ ಎಂದಾದರೆ ಅದನ್ನೇ ಮರಳಿ ಕೊಟ್ಟು ಜೀವ ಉಳಿಸಬಹುದು. 1971ರಲ್ಲಿ ಬಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ ಮತ್ತು ಉಪ್ಪಿನ ದ್ರಾವಣವನ್ನು ಕುಡಿಸಿ ಸಾವಿರಾರು ಕಾಲರಾ ರೋಗಿಗಳನ್ನು ಬದುಕಿಸಿದರು. ಅದೇ ಇಂದಿನ ಓ.ಆರ್.ಎಸ್.

ಇಂದು ಹೊಟ್ಟೆ ಕೆಡಲು ಕಾರಣವಾಗುವ ರೋಗಾಣುಗಳ ಪಟ್ಟಿ ಉದ್ದವಾಗಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರೋಟಾ ಮತ್ತು ನೋರೋ ವೈರಸ್‌ಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದೇ ಇಲ್ಲ. ಇವು ಬೆಳಕಿಗೆ ಬಂದದ್ದು 1970ರ ನಂತರ. ಬ್ಯಾಕ್ಟೀರಿಯಾಗಳಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಇ. ಕೋಲೈಯ ಕೆಲವು ಬಗೆಗಳಿವೆ. ಅಮೀಬಾ, ಜಿಯಾರ್ಡಿಯಾದಂತಹ ಏಕಕೋಶ ಜೀವಿಗಳೂ ಇವೆ. ಅಮೀಬಾ ಮತ್ತು ಜಿಯಾರ್ಡಿಯಾಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾರೆ, ಬ್ಯಾಕ್ಟೀರಿಯಾಗಳನ್ನು ಅಗರ್ ತಟ್ಟೆಯಲ್ಲಿ ಒಂದೆರಡು ದಿನ ಬೆಳೆಸಿ ಗುರುತಿಸುತ್ತಾರೆ, ವೈರಸ್‌ಗಳನ್ನು ಅವುಗಳ ಪ್ರೋಟೀನ್ ಅಥವಾ ವಂಶವಾಹಿಯ ಗುರುತಿನಿಂದ ಪತ್ತೆಹಚ್ಚುತ್ತಾರೆ. ಪಿ.ಸಿ.ಆರ್. ಪರೀಕ್ಷೆಯಿಂದ ಒಂದೇ ಮಾದರಿಯಲ್ಲಿ ಹತ್ತಾರು ರೋಗಾಣುಗಳನ್ನು ಕೆಲವೇ ಗಂಟೆಗಳಲ್ಲಿ ಹುಡುಕಬಹುದು. ಆದರೂ ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆಂದು ತಿಳಿಯಲು ಇಂದಿಗೂ ತಟ್ಟೆಯಲ್ಲಿ ಬೆಳೆಸಿ ನೋಡುವುದೇ ಮುಖ್ಯ ವಿಧಾನ.

ಪ್ರತಿ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬರುವ ನಮ್ಮ ಕುಟುಂಬಗಳಿಗೆ ಹೊಟ್ಟೆ ಕೆಡುವುದು ಹೊಸ ವಿಷಯವಲ್ಲ. ಹೆಚ್ಚಿನ ಸಲ ಅದು ಎರಡು ಮೂರು ದಿನಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಪರೀಕ್ಷೆಯ ಅಗತ್ಯವೂ ಇರುವುದಿಲ್ಲ. ಮಕ್ಕಳಿಗೆ ಓ.ಆರ್.ಎಸ್. ಕುಡಿಸುವುದು ಮೊದಲ ಕೆಲಸ. ಆದರೆ ಮಲದಲ್ಲಿ ರಕ್ತ, ಬಿಡದ ಜ್ವರ, ಮೂತ್ರ ಕಡಿಮೆಯಾಗುವುದು, ವಿಪರೀತ ನೀರಿನಂತಹ ಭೇದಿ, ಮಗು ಮಂಕಾಗುವುದು ಇವುಗಳನ್ನು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಮಾತ್ರೆಯನ್ನು ಈ ಸಲವೂ ನುಂಗುವ ಅಭ್ಯಾಸ ಬೇಡ. ವೈರಸ್ಸಿಗೆ ಆ ಮಾತ್ರೆ ನಾಟುವುದಿಲ್ಲ, ಅಮೀಬಾಕ್ಕೆ ಬೇರೆಯೇ ಔಷಧ ಬೇಕು. ವೈದ್ಯರು ಮಲಪರೀಕ್ಷೆ ಮಾಡಿಸಿರೆಂದರೆ ನಾಚಿಕೆಪಟ್ಟು ಮುಂದೂಡುವುದೂ ಬೇಡ. ಯಾವ ರೋಗಾಣು ಎಂದು ತಿಳಿದ ಮೇಲೆ ಕೊಡುವ ಔಷಧವೇ ಸರಿಯಾದ ಔಷಧ.

ಮಕ್ಕಳೇ, ಶೌಚಾಲಯದಿಂದ ಬಂದ ಮೇಲೆ ಮತ್ತು ಊಟಕ್ಕೆ ಕೂರುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ, ಶುದ್ಧ ನೀರನ್ನೇ ಕುಡಿಯಿರಿ. ಮುಂದಿನ ಸಲ ಪ್ರಯೋಗಾಲಯದಲ್ಲಿ ಪೆಟ್ರಿ ತಟ್ಟೆಯನ್ನು ಕೈಗೆತ್ತಿಕೊಂಡಾಗ ಕಲ್ಕತ್ತೆಯ ಆ ಕೆರೆಯನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲವೆಂದು ಹೇಳಿ, ಗೊತ್ತಾಗುವವರೆಗೆ ಹುಡುಕುವ ಧೈರ್ಯ ನಿಮ್ಮೆಲ್ಲರಿಗೂ ಬರಲೆಂದು ನಾವು ಹಾರೈಸುತ್ತೇವೆ.